ಬ್ರೇಕ್ ಇಲ್ಲದ ರೈಲು

ಹುಬ್ಬಳ್ಳಿಯ ನಾಗವೇಣಿ ಒಂದು ವಿಡಿಯೊ ಗೇಮ್ ಮಾಡಿದ್ದಳು. ಅದರಲ್ಲಿ ಓಡುವ ರೈಲಿಗೆ ಬ್ರೇಕೇ ಇರಲಿಲ್ಲ...

ಮರೆತಿದ್ದಲ್ಲ. ಬೇಕೆಂದೇ ಬಿಟ್ಟಿದ್ದು.

ಅದು 'ಡೀಸೆಲ್‌ಪಂಕ್' ಗೇಮ್. ಅಂದರೆ, ಅಜ್ಜ-ಮುತ್ತಜ್ಜಂದಿರ ಕಾಲದ ಜನ ಕಂಡಿರಬಹುದಾದ ಭವಿಷ್ಯದ ಕನಸು... ಕಂಪ್ಯೂಟರ್ ಇಲ್ಲ, ಮೊಬೈಲ್ ಇಲ್ಲ. ಆಕಾಶದಲ್ಲಿ ತೇಲುವ ಹಡಗಿನಿಂದ ಹಿಡಿದು ಬೀದಿಯ ದೀಪದವರೆಗೆ ಎಲ್ಲವೂ ಡೀಸೆಲ್ ಎಂಜಿನ್ನಿನಿಂದಲೇ ನಡೆಯುವ ಲೋಕ. ಎಲ್ಲಿ ನೋಡಿದರೂ ಕಬ್ಬಿಣ, ಹೊಗೆ.

ಆ ಲೋಕದಲ್ಲಿ ಯುದ್ಧ. ಮದ್ದುಗುಂಡು ತುಂಬಿದ ದೈತ್ಯ ರೈಲನ್ನು ಆಟಗಾರ ಗಡಿ ಮುಟ್ಟಿಸಬೇಕು. ಹಳಿಯ ಮೇಲೆ ಏನೇ ಬರಲಿ, ಯಾರೇ ಬರಲಿ... ನುಗ್ಗಬೇಕು. ನುಗ್ಗಿದಷ್ಟೂ ಪಾಯಿಂಟ್.

ಅಂದು ಅದನ್ನು ನೋಡಲು ಬೆಂಗಳೂರಿನಿಂದ ಪಬ್ಲಿಷರ್ ಮೇಡಂ ಬಂದಿದ್ದರು. ಕಾಲೇಜಿನ ಹಾಲ್‌ನಲ್ಲಿ ಡೆಮೊ.

ಅವರು ಒಪ್ಪಿದರೆ ಗೇಮ್ ಹೊರಬರುತ್ತದೆ. ಒಪ್ಪದಿದ್ದರೆ, ನಾಗವೇಣಿಯ ಜೊತೆ ಕೋಡಿಂಗ್ ಮಾಡುತ್ತಿದ್ದ ಗೆಳೆಯ ಇಮ್ತಿಯಾಜ್ ಬೇರೆ ಕೆಲಸಕ್ಕೆ ಸೇರುತ್ತಾನೆ... ವರ್ಷಗಳ ಶ್ರಮ ಅಲ್ಲಿಗೇ ಮುಗಿಯುತ್ತದೆ.

ಸ್ಕೂಟರಿನಲ್ಲಿ ಸಾಮಾನು ತಂದುಕೊಟ್ಟ ನಾಗವೇಣಿಯ ಅಪ್ಪ ಕೊನೆಯ ಕುರ್ಚಿಯಲ್ಲಿ ಕುಳಿತಿದ್ದರು. ಅವರು ರೈಲು ಓಡಿಸುತ್ತಿದ್ದ ನಿವೃತ್ತ ಲೋಕೋ ಪೈಲಟ್. ಮನೆಯಲ್ಲಿ ಮಾತು ಬಲು ಕಡಿಮೆ. ಅದನ್ನು ಮಗಳು 'ಅಪ್ಪನ ಗತ್ತು' ಎಂದೇ ತಿಳಿದಿದ್ದಳು.

"ಗೇಮ್ ಆಡಿ ಅಭ್ಯಾಸ ಇರೋರು ಬೇಡ," ಎಂದರು ಮೇಡಂ. "ಹೊಸಬರು ಆಡ್ಲಿ. ನಾನು ಅವರ ಮುಖ ನೋಡ್ಬೇಕು. ಅಂಕಲ್, ನೀವೇ ಬನ್ನಿ."

"ನಾ ಯಾಕ್ರಿ... ನನಗಿವೆಲ್ಲಾ ತಿಳಿಯೂದಿಲ್ಲ." ಅಪ್ಪ ಕುರ್ಚಿ ಬಿಡಲಿಲ್ಲ.

ನಾಗವೇಣಿ ಬಳಿ ಬಂದು ಪಿಸುಗುಟ್ಟಿದಳು. "ಅಪ್ಪಾ, ಇದೊಂದ ಸಲ. ನನ್ನ ಸಲುವಾಗಿ."

ಅಪ್ಪ ಎದ್ದರು.

"ಜೋರ ಹೊಡೀರಿ ಕಾಕಾ," ಇಮ್ತಿಯಾಜ್ ನಕ್ಕ. "ಇಲ್ಲಿ ಲೇಟಾದ್ರ ಯಾರೂ ಮೆಮೊ ಕೊಡೂದಿಲ್ಲ!"

ಮೇಜಿನ ಮೇಲೆ ಬಲಗೈಗೊಂದು ಕಬ್ಬಿಣದ ಲಿವರ್, ಎಡಗೈಗೆ ಹಾರ್ನ್‌ನ ಕೆಂಪು ಬಟನ್. ಅಷ್ಟೇ.

ಎಂಜಿನ್ ಗುಡುಗಿತು. ರೈಲು ಒಂದು ಗೇಟು ಮುರಿಯಿತು, ಒಂದು ಗೋಡೆ ಒಡೆಯಿತು. ಮೇಡಂ ಕುರ್ಚಿಯ ತುದಿಗೆ ಬಂದರು...

ಆಗ ದೂರದಲ್ಲಿ, ಹಳಿಯ ಮೇಲೆ, ಒಬ್ಬ ಮನುಷ್ಯ ಕಂಡ. ಹೆಗಲ ಮೇಲೊಂದು ಗಂಟು. ಬೆನ್ನು ಇತ್ತ ಕಡೆ.

ಅಪ್ಪ ಹಾರ್ನ್ ಒತ್ತಿದರು. ಬಿಡಲಿಲ್ಲ... ಒತ್ತಿಯೇ ಹಿಡಿದರು.

ಲಿವರನ್ನು ಹಿಂದಕ್ಕೆ ಎಳೆದರು. ವೇಗ ಇಳಿಯಲಿಲ್ಲ. ನಾಗವೇಣಿ ಅದನ್ನು ಹಾಗೆಯೇ ಮಾಡಿದ್ದಳು.

ಬಲಗೈ ಲಿವರ್ ಬಿಟ್ಟು ಮೇಜಿನ ಪಕ್ಕದ ಗಾಳಿಯಲ್ಲಿ ತಡಕಾಡತೊಡಗಿತು.

"ಅಪ್ಪಾ, ಏನ್ ಹುಡುಕಾಕತ್ತಿ?"

"ಬ್ರೇಕ್... ಬ್ರೇಕ್ ಎಲ್ಲೈತಿ?"

"ಇದಕ್ಕ ಬ್ರೇಕಿಲ್ಲಪಾ. ನುಗ್ಸು!"

ರೈಲು ನುಗ್ಗಿತು. ಪರದೆಯ ಮೇಲೆ ಬಂಗಾರದ ಬಣ್ಣದಲ್ಲಿ ಪಾಯಿಂಟ್ ಮಿನುಗಿದವು.

ಮೇಡಂ ಚಪ್ಪಾಳೆ ತಟ್ಟಿದರು. "ಸೂಪರ್! ಅಂಕಲ್ ಹೇಗೆ ಬೆವೆತಿದ್ದಾರೆ ನೋಡಿ! ಈ ಥ್ರಿಲ್ಲೇ ನನಗೆ ಬೇಕಾಗಿದ್ದು. ಇವತ್ತೇ ಸೈನ್ ಮಾಡೋಣ."

ಅಪ್ಪ ಪರದೆ ನೋಡುತ್ತಿರಲಿಲ್ಲ. ಬೆರಳು ಇನ್ನೂ ಹಾರ್ನ್ ಮೇಲೆಯೇ ಇತ್ತು. ಹಾಲ್ ತುಂಬ ಅದೇ ಕೂಗು...

ನಾಗವೇಣಿ ಆ ಬೆರಳನ್ನು ಮೆಲ್ಲಗೆ ಎತ್ತಿದಳು.

ಸದ್ದು ನಿಂತಿತು.

"ನಾನೂ ಹಿಂಗ ಹಾರ್ನ್ ಹೊಡದಿದ್ನೆವ್ವಾ..." ಅಪ್ಪ ಯಾರನ್ನೂ ನೋಡದೆ ಹೇಳಿದರು. "ಬ್ರೇಕೂ ಹಾಕಿದ್ನಿ. ರೈಲು ಎಲ್ಲಿ ಲಗೂನ ನಿಲ್ಲತೈತಿ... ಹಳೀ ಮ್ಯಾಲಿದ್ದಂವ ಕಡೀಕ ಹೊಳ್ಳಿ ನೋಡಿದ. ನನ್ನ ಮಾರೀನ ನೋಡಿದ, ಕಣ್ಣಾಗ ಕಣ್ಣಿಟ್ಟು."

"ಯಾವಾಗಪಾ?"

"ನೀ ಇನ್ನೂ ಸಾಲೀಗೆ ಹೋಗ್ತಿರಲಿಲ್ಲ."

ನಾಗವೇಣಿ ಅಪ್ಪನ ಮುಖ ನೋಡಿದಳು. ಇಷ್ಟು ವರ್ಷ ಇಬ್ಬರೂ ಎದುರು ಬದುರು ಕೂತು ಉಂಡಿದ್ದರು... ಒಮ್ಮೆಯೂ ಅವಳು ಕೇಳಿರಲಿಲ್ಲ. ಅವರು ಹೇಳಿರಲಿಲ್ಲ.

ಮೇಡಂ ಕುರ್ಚಿಯಿಂದ ಎದ್ದು ಬಳಿ ಬಂದರು. ಆಮೇಲೆ ಮೆತ್ತಗೆ ಕೇಳಿದರು, "ಕೇಳಿ ಬೇಜಾರಾಯ್ತು. ಆದ್ರೆ ಗೇಮ್ ಗೇಮೇ ಅಲ್ವಾ ನಾಗವೇಣಿ? ಸೈನ್ ಮಾಡ್ತೀರಾ?"

"ಬ್ರೇಕ್ ಇಡ್ತೀನಿ ಮೇಡಂ."

"ಬ್ರೇಕ್ ಇಟ್ರೆ ಇದು ಇನ್ನೊಂದು ರೈಲು ಗೇಮ್, ಅಷ್ಟೇ. ನನಗೆ ಬೇಡ."

ಇಮ್ತಿಯಾಜ್ ಅವಳ ತೋಳು ಜಗ್ಗಿದ. "ಏ ಹುಚ್ಚಿ, ಸೈನ್ ಮಾಡು! ಆಮ್ಯಾಲ ನೋಡೂಣು."

"ಆಮ್ಯಾಲ ನನ್ನ ಕೈಲೆ ಆಗೂದಿಲ್ಲೋ..."

ಮೇಡಂ ಹೊರಟುಹೋದರು. ಅವರ ಹಿಂದೆಯೇ ಇಮ್ತಿಯಾಜ್ ಕೂಡ ಬ್ಯಾಗ್ ಹೆಗಲಿಗೇರಿಸಿ ನಡೆದ.

ಖಾಲಿ ಹಾಲ್. ಅಪ್ಪ, ಮಗಳು. ಅವಳು ಒಂದೊಂದೇ ವೈರ್ ಕಿತ್ತು ಸುತ್ತತೊಡಗಿದಳು...

ಬಾಗಿಲ ಸದ್ದಾಯಿತು. ಇಮ್ತಿಯಾಜ್! ಕೈಯಲ್ಲಿ ಚಹಾದ ಕಪ್ಪುಗಳು. ಒಂದನ್ನು ಅಪ್ಪನ ಮುಂದಿಟ್ಟು ನೆಲದ ಮೇಲೆಯೇ ಕೂತ.

"ಕಾಕಾ... ಅಂಥಾ ರೈಲು ನಿಲ್ಲಬೇಕಂದ್ರ ಎಷ್ಟ ದೂರ ಬೇಕ್ರಿ?"

"ಭಾಳ ಬೇಕಪಾ."

"ಗೇಮಿನ್ಯಾಗ ಅಷ್ಟೂ ದೂರ ಇಡೂಣು ತಗೋರಿ."

ಕೆಲವು ದಿನಗಳ ನಂತರ ಮನೆಯಲ್ಲೇ ಅಪ್ಪ ಮತ್ತೆ ಆ ಲಿವರ್, ಹಾರ್ನ್ ಮುಂದೆ ಕುಳಿತರು. ಲಿವರ್ ಪಕ್ಕದಲ್ಲಿ ಈಗ ಇನ್ನೊಂದು ಹಿಡಿ ಇತ್ತು.

ಅದೇ ಹೊಗೆ. ಅದೇ ಗುಡುಗು. ದೂರದಲ್ಲಿ ಅದೇ ಮನುಷ್ಯ.

ಅಪ್ಪ ಬ್ರೇಕ್ ಎಳೆದರು.

ಚಕ್ರಗಳು ಚೀರಿದವು. ಕಿಡಿ ಹಾರಿತು. ಆದರೂ ರೈಲು ಜಾರುತ್ತಲೇ ಇತ್ತು... ಮನುಷ್ಯ ದೊಡ್ಡದಾಗುತ್ತ ಬಂದ... ಇನ್ನೂ ಹತ್ತಿರ... ಅಪ್ಪ ಹಿಡಿಯನ್ನು ಇನ್ನಷ್ಟು ಜಗ್ಗಿದರು...

ನಿಂತಿತು.

ಆ ಮನುಷ್ಯ ಹೊರಳಿ ನೋಡಿದ. ಗಂಟು ಸರಿಮಾಡಿಕೊಂಡ. ಹಳಿಯಿಂದ ಇಳಿದು, ಊರಿನ ದೀಪಗಳ ಕಡೆ ನಡೆದುಹೋದ.

ಪರದೆಯ ಮೇಲೆ ಯಾವ ಪಾಯಿಂಟೂ ಬರಲಿಲ್ಲ.

ಅಪ್ಪನ ಕೆನ್ನೆ ತೊಯ್ದಿತ್ತು. ಕೈ ಇನ್ನೂ ಬ್ರೇಕ್ ಬಿಟ್ಟಿರಲಿಲ್ಲ.

"ಹ್ವಾದ..." ಎಂದರು. "ನೋಡವ್ವಾ... ಮನೀಗ್ ಹ್ವಾದ."

ವೇಗ ಹೆಚ್ಚಿಸುವುದು ಯಂತ್ರದ ಕೆಲಸ. ನಿಲ್ಲಲು ಜಾಗ ಇಡುವುದು ಮನುಷ್ಯನ ಕೆಲಸ.

ನಿಮ್ಮ ಮನೆಯಲ್ಲಿ ಸದಾ ಸುಮ್ಮನಿರುವವರ ಪಕ್ಕ ಕೂತು, "ಏನಾಯ್ತು?" ಎಂದು ನೀವು ಕೊನೆಯ ಸಲ ಕೇಳಿದ್ದು ಯಾವಾಗ...?