ಗೇಟಿನ ಕಡೆ ನೋಡುವವನು

ಸೆಪ್ಟೆಂಬರ್ ಹನ್ನೆರಡರಂದು ಹೊಳೆಕೊಪ್ಪದ ಸ್ಟೇಷನ್ನಿನಲ್ಲಿ ಚಹಾ ಮಾರುವುದು ಕಷ್ಟ. ಊರಿಗೆ ಬಂದ ಮೊಟ್ಟಮೊದಲ ರೈಲು ಹೂವಿನ ಹಾರ ಹಾಕಿಕೊಂಡು ಬೆಳಿಗ್ಗೆ ಮತ್ತೆ ಬರುತ್ತದೆ. ಹತ್ತು ಗಂಟೆಗೆ ಅಜ್ಜಂದಿರ ಕಾಲದ ಮಹಾಪೂರ ಪ್ಲಾಟ್‌ಫಾರ್ಮಿನ ಮೇಲೆ ಹರಿಯುತ್ತದೆ; ಒದ್ದೆಯಾಗುವುದಿಲ್ಲವೆಂದು ಗೊತ್ತಿದ್ದರೂ ಜನ ಸೀರೆ, ಪ್ಯಾಂಟು ಎತ್ತಿ ಹಿಡಿಯುತ್ತಾರೆ. ಒಂದು ತಾರೀಖಿಗೆ ನಡೆದದ್ದೆಲ್ಲ ಪ್ರತಿವರ್ಷ ಅದೇ ತಾರೀಖಿಗೆ ಅಲ್ಲೇ ಕಾಣಿಸಿಕೊಳ್ಳುತ್ತದೆ.

ಚಹಾದ ಫಕೀರವ್ವ ಕಾಯುವುದು ನಾಲ್ಕು ಗಂಟೆಗೆ. ಇಪ್ಪತ್ತು ವರ್ಷದ ಹಿಂದೆ ಇದೇ ದಿನ ಅವಳ ಗಂಡ ಜಗಳವಾಡಿ ಬಂದು, ನಲ್ಲಿಯ ಪಕ್ಕದ ಬೆಂಚಿನ ಮೇಲೆ ಕೂತು, ರೈಲು ಹತ್ತಿ ಹೋಗಿದ್ದ. ತಿರುಗಿ ಬರಲಿಲ್ಲ. ಪ್ರತಿವರ್ಷ ಅವಳು ಆ ಬೆಂಚಿನ ಎದುರು ನಿಲ್ಲುತ್ತಾಳೆ. ಅವನು ತನ್ನನ್ನೇ ನೋಡುತ್ತಾನೆಂದು ಅವಳ ನಂಬಿಕೆ.

ಈ ಸಲ ಅವನು ಪೂರ್ತಿ ಮರೆಯಾಗಿದ್ದ. ಹಿಂದಿನ ವರ್ಷಗಳ ಹತ್ತೊಂಬತ್ತು ಫಕೀರವ್ವಂದಿರು ಬೆಂಚಿಗೆ ಅಡ್ಡ ನಿಂತಿದ್ದರು.

“ಎದುರಿಗೆ ನಿಂದರಬ್ಯಾಡಬೇ, ಬಾಜೂಕ ಹೋಗಿ ಕೂಡು,” ಎಂದಳು ಮಗಳು ರುದ್ರವ್ವ.

ಫಕೀರವ್ವ ಗಂಡನ ಪಕ್ಕ ಕೂತು, ಅವನು ನೋಡುವತ್ತಲೇ ನೋಡಿದಳು. ಹತ್ತೊಂಬತ್ತು ಸೆರಗುಗಳ ಸಂದಿಯಲ್ಲಿ, ಊರಿನಿಂದ ಬರುವ ಗೇಟು ಕಂಡಿತು.

“ನಿಮ್ಮಪ್ಪ ಗೇಟ್ ನೋಡಾಕತ್ತಾನಲ್ಲೇ!”

“ಅವತ್ತ ನೀ ಬರಲಿಲ್ಲೇನು?”

“ಸಿಟ್ಟಿಲೆ ಮನ್ಯಾಗ ಕುಂತಿದ್ದೆ.”

ರೈಲಿಗೆ ಇನ್ನೂ ಆರು ನಿಮಿಷವಿತ್ತು. ಫಕೀರವ್ವ ಕೆಟಲಿಯನ್ನು ಮಗಳ ಕೈಗೆ ಕೊಟ್ಟು, ಸೀರೆ ಎತ್ತಿ ಹಿಡಿದು ಓಡಿದಳು. ಗೇಟಿನಲ್ಲಿ ಬೆಂಚಿನತ್ತ ಮುಖ ಮಾಡಿ, ಏದುಸಿರು ಬಿಡುತ್ತ ನಿಂತಳು.

ಅವನು ಎಂದಿನಂತೆ ರೈಲು ಹತ್ತಿದ. ಆದರೆ ಮುಂದಿನ ವರ್ಷದಿಂದ, ಅವನು ನೋಡುವಾಗ, ಆ ಗೇಟಿನಲ್ಲಿ ಒಬ್ಬಳು ಓಡಿಬಂದು ನಿಂತಿರುತ್ತಾಳೆ.