ಪಾದ್ರಿ ಬಂದರೆ

ಬರ್ಮಾ ಯುದ್ಧದ ಕಾಲ. ಗಡಿಯ ಡೇರೆ ಆಸ್ಪತ್ರೆಯಲ್ಲಿ ಗಾಯಾಳುಗಳಿಗಾಗಿ ಪ್ರಾರ್ಥಿಸಲು ಮಂಗಳೂರಿನ ಫಾದರ್ ಕಾಸ್ಮಿರ್ ಅವರನ್ನು ಸೈನ್ಯ ನೇಮಿಸಿತ್ತು. ಆದರೆ ಅವರ ಬಿಳಿ ನಿಲುವಂಗಿ ಕಂಡರೆ ಸಾಕು, ಗಾಯಾಳುಗಳು ಮುಖ ತಿರುಗಿಸುತ್ತಿದ್ದರು. ಪಾದ್ರಿ ಯಾರ ಮಂಚದ ಬಳಿ ಕೂರುತ್ತಾರೋ ಅವನು ಉಳಿಯುವುದಿಲ್ಲ ಎಂಬ ಮಾತು ಡೇರೆಯ ತುಂಬ ಹಬ್ಬಿತ್ತು.

ಎದೆಗೆ ಗುಂಡು ತಗುಲಿದ್ದ ಮೈಸೂರು ಕಡೆಯ ಕ್ರೈಸ್ತ ಸಿಪಾಯಿ ಇನ್ನಾಸಪ್ಪನಂತೂ ದೂರದಿಂದಲೇ ಗದರಿದ. "ಇತ್ಲಾಗೆ ಬರ್ಬೇಡಿ ಸ್ವಾಮಿ. ನಂಗೇನೂ ಆಗಿಲ್ಲ."

"ಸುಮ್ಮನೆ ಮಾತಾಡಿಸ್ಲಿಕ್ಕೆ ಬಂದೆ ಮಾರಾಯ."

"ಬೇಡ ಅಂದ್ನಲ್ಲ."

ಫಾದರ್ ಡಾಕ್ಟರ ಬಳಿ ಹೋಗಿ ಸಿಡುಕಿದರು. "ಸಾಯುವವರೂ ನನ್ನನ್ನು ಓಡಿಸ್ತಾರೆ. ಮತ್ತೆ ನಾನು ಇಲ್ಲಿ ಯಾಕಿರಬೇಕು? ನೀರು ಕೊಡುವ ಜನ ಆಗಿದ್ರೆ ಆದ್ರೂ ಉಪಯೋಗ ಇತ್ತು."

ಮರುದಿನ ಬೆಳಿಗ್ಗೆ ಅವರು ನಿಲುವಂಗಿ ಕಳಚಿಟ್ಟು, ಖಾಕಿ ಅಂಗಿ ತೊಟ್ಟು, ನೀರಿನ ಚೊಂಬು ಹಿಡಿದು ಹೊರಟರು. ನೀರು ಕೊಡುವವನೆಂದುಕೊಂಡು ಯಾರೂ ಅವರತ್ತ ಕತ್ತೆತ್ತಿಯೂ ನೋಡಲಿಲ್ಲ. ಇನ್ನಾಸಪ್ಪ ಒಂದು ಗುಟುಕು ಕುಡಿದು, ಅವರ ಮಣಿಕಟ್ಟು ಹಿಡಿದು ಹತ್ತಿರಕ್ಕೆ ಎಳೆದುಕೊಂಡ.

"ಈಗ ನನ್ನ ಪಾಪನಿವೇದನೆ ಕೇಳಿಸ್ಕೊಳ್ಳಿ ಸ್ವಾಮಿ," ಎಂದು ಪಿಸುಗುಟ್ಟಿದ. "ನಿಲುವಂಗೀಲಿ ಬಂದಿದ್ರೆ, ಪಕ್ಕದ ಮಂಚದಲ್ಲಿರೋ ನನ್ ತಮ್ಮಂಗೆ ನಾನು ಉಳಿಯಲ್ಲ ಅಂತ ಗೊತ್ತಾಗ್ಬಿಡ್ತಿತ್ತು."