ಕೆಳಗದ್ದೆಯ ಹುಲ್ಲು

ಹೆಸ್ಟರ್ ಕವೆಗೋಲಿನಲ್ಲಿ ಎತ್ತಿದ ಹಸಿಹುಲ್ಲನ್ನು ಗಾಳಿಗೆ ಕೊಡವುವಷ್ಟರಲ್ಲಿ ಅಣೆಕಟ್ಟಿನ ಇಂಜಿನಿಯರು ಕಲ್ಲುಗೋಡೆಯಾಚೆಯಿಂದ ಕೂಗಿದ: "ಸಾಕು ನಿಲ್ಸಜ್ಜಿ! ಅಣೆಕಟ್ಟಿನ ಗೇಟು ಹಾಕಿಯಾಯ್ತು, ಈ ಗದ್ದೆಯೆಲ್ಲ ಮುಳುಗುತ್ತೆ. ನಗರದೋರಿಗೆ ನೀರು ಬೇಕು."

"ಹುಲ್ಲು ಒಣಗೋವರೆಗೂ ಕಾಯ್ತೀವಿ ಅಂದಿದ್ರಲ್ಲಪ್ಪ, ನಿಮ್ ಸಾಹೇಬ್ರು?" ಅವನು ಸೈಕಲ್ಲು ಹತ್ತಿದ.

ಪಕ್ಕದಲ್ಲೇ ಹುಲ್ಲು ಬಾಚುತ್ತಿದ್ದ ಸೊಸೆ ಆಗ್ನೆಸ್ ಲೀಡ್ಸ್ ಪಟ್ಟಣದ ಬಟ್ಟೆಗಿರಣಿಗಳ ನಡುವೆ ಬೆಳೆದವಳು. ಈ ಕಣಿವೆಗೆ ಬಂದ ಹೊಸದರಲ್ಲಿ ಎಲ್ಲದಕ್ಕೂ 'ಹರಡೋದು' ಅಂದು ಅತ್ತೆಯ ಬಾಯಿಗೆ ಸಿಕ್ಕಿದ್ದಳು. "ಗೊಬ್ಬರ ಹರಡಿದ್ರೆ 'ಸ್ಕೇಲ್' ಕಣೇ, ಗಿರಣಿ ಗುಬ್ಬಿ! ಒಣಗೋಕೆ ಹುಲ್ಲು ಹರಡಿದ್ರೆ 'ಟೆಡ್'. ಚರ್ಚಿನ ನೆಲಕ್ಕೆ ಜೊಂಡು ಹರಡಿದ್ರೆ 'ಸ್ಟ್ರೂ'. ಒಂದೊಂದು ಕೆಲಸಕ್ಕೆ ಒಂದೊಂದು ಮಾತು."

ಈಗ ಗದ್ದೆಯ ಅಂಚಿನಲ್ಲಿ ನೀರು ಸದ್ದಿಲ್ಲದೆ ಹುಲ್ಲಿನೊಳಗೆ ಹೊಕ್ಕಿತು. ಹಸುಗಳ ಚಳಿಗಾಲದ ಮೇವು ಕಣ್ಣೆದುರೇ ತೇಲತೊಡಗಿತು. ಇಬ್ಬರೂ ಬಾಚಿ ಬಾಚಿ ಮೇಲಕ್ಕೆ ಎಸೆದರು. ನೀರು ಅಲ್ಲಿಗೂ ಬಂತು.

"ಅತ್ತೇ," ಆಗ್ನೆಸ್ ಏದುಸಿರಿನಲ್ಲೇ ಕೇಳಿದಳು, "ನೀರು ಹಿಂಗೆ ಹರಡೋದಕ್ಕೆ ಏನಂತೀರಿ?"

ಹೆಸ್ಟರ್ ಬಾಯಿ ತೆರೆದಳು. ಅಜ್ಜ ಮುತ್ತಜ್ಜರು ಆಡಿದ್ದನ್ನೆಲ್ಲ ತಡಕಾಡಿದಳು. ಅವೆಲ್ಲ ದುಡಿಯುವ ಕೈಗಳು ಹುಟ್ಟಿಸಿದ ಮಾತುಗಳು. ಕಸಿದುಕೊಳ್ಳುವ ಕೈಗಳಿಗೆಂದು ಒಂದೂ ಇರಲಿಲ್ಲ.

ಅವಳು ಕವೆಗೋಲನ್ನು ನೀರಿನ ಮೇಲೆ ಮಲಗಿಸಿದಳು.

"ಹರಡೋದು ಅನ್ನು ಮಗಳೇ. ಅಷ್ಟೇ ಸಾಕು."